ಎದ್ದು ಹೋಗಲಾಗದ ಕುರ್ಚಿ

ಬೆನ್ಸನ್ ಟೌನ್‌ನ ಕ್ಲಿನಿಕ್ಕಿನಲ್ಲಿ ನಾನು ಬಾಯಿ ತೆರೆದು ಕುಳಿತಿದ್ದೆ. ಎಂಬತ್ತು ದಾಟಿದ ದಂತವೈದ್ಯರು ಇಕ್ಕಳ ಹಿಡಿದುಕೊಂಡೇ ತಮ್ಮ ಕಾಲೇಜು ದಿನಗಳ ಹಾಕಿ ಪಂದ್ಯವನ್ನು ವರ್ಣಿಸುತ್ತಿದ್ದರು. ಅಂತೂ ಹಲ್ಲು ಕಿತ್ತರು. ಹತ್ತಿ ಇಡುವ ಮೊದಲು ನನಗೊಂದು ಕ್ಷಣ ಸಿಕ್ಕಿತು. "ಡಾಕ್ಟ್ರೇ, ಈ ವಯಸ್ಸಲ್ಲಿ ಇನ್ನೂ ಯಾಕೆ ಕೆಲಸ? ಆರಾಮಾಗಿ ಮನೇಲಿರಬಾರ್ದಾ?" ಎಂದೆ.

"ಮನೇಲಿ ನಾನು ಬಾಯಿ ಬಿಟ್ರೆ ಎಲ್ರೂ ಎದ್ದು ಹೋಗ್ತಾರೆ ಕಣ್ರೀ. ಇಲ್ಲಿ ನೀವು ಬಾಯಿ ಬಿಟ್ಕೊಂಡಿರ್ತೀರ, ಎದ್ದು ಹೋಗಕ್ಕಾಗಲ್ಲ!" ಎಂದು ನಕ್ಕು, ಹತ್ತಿ ತುರುಕಿ, ಪಂದ್ಯದ ದ್ವಿತೀಯಾರ್ಧ ಆರಂಭಿಸಿದರು.

ಹಲಸೂರಿನ ಮನೆಗೆ ಬಂದಾಗ, ನಿವೃತ್ತರಾದ ನಮ್ಮ ಮಾವನವರು ಎಂದಿನಂತೆ ತಮ್ಮ ಆಫೀಸಿನ ಕಥೆ ತೆಗೆದರು. ಬಾಯಿ ತುಂಬ ಹತ್ತಿಯಿದ್ದುದರಿಂದ ಮೊದಲ ಬಾರಿಗೆ ಕೊನೆಯವರೆಗೂ ಕೇಳಿದೆ. ಅವರು ಅಷ್ಟು ಖುಷಿಯಾಗಿದ್ದುದನ್ನು ನಾನು ನೋಡಿಯೇ ಇರಲಿಲ್ಲ.