ರಿಂಗ್ ರೋಡಿನ ಮಳೆಯಲ್ಲಿ ಕ್ರೂಸ್ ಕಂಟ್ರೋಲ್

ಸೋದರಮಾವನ ಹೊಸ ಕಾರಿನ ಮ್ಯಾನ್ಯುಅಲ್ ಪೂಜೆಯ ಕುಂಕುಮ ಹತ್ತಿಸಿಕೊಂಡು ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇತ್ತು. ನನ್ನನ್ನು ಪಟಾನ್‌ಚೆರುವಿನ ಕಚೇರಿಗೆ ಬಿಡಲು ಹೊರಟ ಮಾಮಾ ಅದನ್ನು ನನ್ನ ಮಡಿಲಿಗೆ ಹಾಕಿ, "ನೀ ಇಂಗ್ಲಿಷ್ ಮೀಡಿಯಂ, ಓದ್ಕೋತ ಕೂಡು" ಎಂದರು. ನನಗೂ ಮಾತಾಡುವುದಕ್ಕಿಂತ ಓದುವುದೇ ಸುಲಭ.

ರಿಂಗ್ ರೋಡ್ ಹತ್ತಿದ್ದೇ ಅವರು, ಇಟ್ಟ ವೇಗವನ್ನು ತಾನೇ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲನ್ನು ಎಂಬತ್ತಕ್ಕೆ ಹಾಕಿ, ಬಲಗಾಲನ್ನು ಸೀಟಿನ ಮೇಲೆ ಮಡಚಿಕೊಂಡರು.

"ನೋಡವ್ವಾ, ಗಾಡಿ ತಾನ ಓಡಾಕತ್ತೈತಿ!"

ಅಷ್ಟರಲ್ಲಿ ಜೋರು ಮಳೆ ಹಿಡಿಯಿತು. ನಾನು ಸರಿಯಾಗಿ ಅದೇ ಪುಟದಲ್ಲಿದ್ದೆ. ಒದ್ದೆ ರಸ್ತೆಯಲ್ಲಿ ಕ್ರೂಸ್ ಬಳಸಬೇಡಿ, ಚಕ್ರ ನೀರಿನ ಮೇಲೆ ಜಾರಿದರೂ ಕಾರು ಅದೇ ವೇಗ ಹಿಡಿಯಲು ನೋಡುತ್ತದೆ ಎಂದಿತ್ತು.

"ಮಾಮಾ, ಕ್ರೂಸ್ ತೆಗೀರಿ."

"ಯಾಕ, ಹೆದರಿಕಿ ಬಂತೇನ?"

"ಕಾಲಾದ್ರೂ ಕೆಳಗ ಇಡ್ರಿ."

"ಮೂವತ್ತು ವರ್ಷ ಗಾಡಿ ಹೊಡದೀನ್ರೀ, ಟೀಚರಮ್ಮಾ!"

ನನ್ನ ಕಿವಿ ಬಿಸಿಯಾಯಿತು. ಆದರೂ ಮೂರನೇ ಸಲ ಬಾಯಿಬಿಟ್ಟೆ. "ಮುಂದ ನೀರು ನಿಂತದ್ದು ಗಾಡಿಗೆ ಕಾಣಂಗಿಲ್ಲ ಮಾಮಾ, ನಿಮಗ ಕಾಣತೈತಿ. ನೀವ ಓಡಿಸ್ರಿ."

ಆ ಮಾತು ಅವರಿಗೆ ಹಿಡಿಸಿತು. ಕ್ರೂಸ್ ಆರಿಸಿ, ಕಾಲಿಳಿಸಿ, ವೇಗವನ್ನು ನಿಧಾನವಾಗಿ ಐವತ್ತಕ್ಕೆ ತಂದರು. ಎರಡು ನಿಮಿಷವೂ ಆಗಿರಲಿಲ್ಲ, ರಸ್ತೆಯ ಅಗಲಕ್ಕೂ ನೀರು ನಿಂತಿತ್ತು. ಆಗಷ್ಟೇ ನಮ್ಮನ್ನು ದಾಟಿಹೋಗಿದ್ದ ಕಾರೊಂದು ಅದರಲ್ಲಿ ಜಾರಿ, ಗಿರಕಿ ಹೊಡೆದು, ನಮ್ಮ ಕಡೆಗೇ ಮುಖ ಮಾಡಿ ನಿಂತಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ನಮ್ಮ ಕಾರು ಅದರ ಪಕ್ಕದಲ್ಲಿ ಅಲುಗದೆ ದಾಟಿತು.

"ಶಭಾಷ್ ಬೇಟಾ," ಎಂದರು ಮಾಮಾ, ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು.

ಸಂಜೆ ಅವರು ಮನೆಮಂದಿಗೆ ಹೇಳಿದ ಕಥೆಯಲ್ಲಿ ನಾನು ಗುಡುಗಿನಂತೆ ಕೂಗಿ ಗಾಡಿ ನಿಧಾನ ಮಾಡಿಸಿದ್ದೆ. ನಾನು ತಿದ್ದಲಿಲ್ಲ. ನನ್ನ ದನಿ ಜೋರೆಂದು ಯಾರಾದರೂ ಹೇಳಿದ್ದು ಅದೇ ಮೊದಲು.