ಕಾಲರಾ ಅಲ್ಲ, ಕೋಲೊಲಿತ್

ಈ ಬೇಸಿಗೆಯ ಒಂದು ಮಧ್ಯಾಹ್ನ, ಕರಜಗಿಯ ನಮ್ಮ ಮನೆಯಲ್ಲಿ, ಹೆಂಡತಿ ಶಾಂತಾ ಅರ್ಧ ಊಟಕ್ಕೆ ಎದ್ದಳು. ಬಲಪಕ್ಕೆಯ ಕೆಳಗೆ ಕೈ ಒತ್ತಿಕೊಂಡಿದ್ದಳು. ನೋವು ಬೆನ್ನಿಗೆ, ಅಲ್ಲಿಂದ ಭುಜಕ್ಕೆ ಹರಿಯಿತು. ಆಮೇಲೆ ವಾಂತಿ. ಸಂಜೆಗೆ ತಾನೇ ನಿಂತಿತು. ಮರುದಿನ ಮತ್ತೆ ಬಂತು, ಈ ಸಲ ಚಳಿಜ್ವರದೊಂದಿಗೆ.

ಕಣ್ಣುಗಳು ಹಳದಿಯಾಗಿದ್ದವು.

ಊರಿನ ಹಿರಿಯ ಡಾಕ್ಟರು ಮನೆಗೇ ಬಂದರು. ನಿಜಾಮರ ಕಾಲದಲ್ಲಿ ಹೈದರಾಬಾದಿನಲ್ಲಿ ಕಲಿತವರು. ಹೊಟ್ಟೆ ಒತ್ತಿ ನೋಡಿ, ತಮಗೇ ಹೇಳಿಕೊಂಡಂತೆ, "ಕೋಲೊಲಿತ್" ಅಂದರು. ಪಿತ್ತಕೋಶದ ಕಲ್ಲಿಗೆ ಅವರ ಕಾಲದ ಪುಸ್ತಕಗಳಲ್ಲಿದ್ದ ಹೆಸರು ಅದು. ನಂತರ ನನ್ನ ಕಡೆ ತಿರುಗಿದರು.

"ಪಿತ್ತದ ಚೀಲದಾಗ ಹಳ್ಳು ಆಗ್ಯಾವ. ಒಳಗ ಕೀವು ಆಗಾಕತ್ತದ. ಇವತ್ತೇ ಗುಲ್ಬರ್ಗಾಕ್ಕ ಒಯ್ರಿ. ಚೀಲ ಒಡೀತಂದ್ರ ನನ್ನ ಕೈಯಾಗ ಏನೂ ಇಲ್ಲ."

ಈ ಮಾತು ನಾನು ಕೇಳಿಸಿಕೊಂಡೆ. ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಗುರುಬಾಯಿ ಮೊದಲಿನ ಒಂದು ಪದವನ್ನಷ್ಟೇ ಕೇಳಿಸಿಕೊಂಡು ಹೊರಟುಹೋಗಿದ್ದರು. ವಾಂತಿಯನ್ನು ಕಣ್ಣಾರೆ ಕಂಡಿದ್ದರು. ಡಾಕ್ಟರ ಬಾಯಿಂದ ಬಂದ ಹೆಸರು ಅವರಿಗೆ ಕಾಲರಾ ಎಂದು ಕೇಳಿಸಿತ್ತು.

ಬಸ್ಸು ಹೋಗಿಬಿಟ್ಟಿತ್ತು. ಉಳಿದಿದ್ದು ಬಾಡಿಗೆಗೆ ಓಡಿಸುವ ಮೌಲಾಲಿಯ ಜೀಪು. ನಾನು ಸ್ಟ್ಯಾಂಡಿಗೆ ಓಡುವಷ್ಟರಲ್ಲಿ ಸುದ್ದಿ ನನಗಿಂತ ಮೊದಲೇ ತಲುಪಿತ್ತು. ಪತ್ರಿಕೆಗೆ ಸುದ್ದಿ ಕಳಿಸುವುದು ನನ್ನ ಕಸುಬು. ಇಷ್ಟು ವೇಗ ನಾನು ಎಂದೂ ಕಂಡಿರಲಿಲ್ಲ.

"ಬ್ಯಾರೆ ಏನರ ಹೇಳ್ರಿ, ಪೇಪರ್ ಸಾಹೇಬ್ರ," ಅಂದ ಮೌಲಾಲಿ. "ಕಾಲರಾ ಪೇಶಂಟ್ ನಾ ಕೂಡಿಸ್ಕೊಳ್ಳಲ್ಲ. ನಾಳೆ ಅಮಾಸಿ. ಇದೇ ಜೀಪಿನಾಗ ಮಂದಿ ದೇವಿ ದರ್ಶನಕ್ಕ ಘತ್ತರಗಿಗೆ ಹೊಂಟಾರ."

"ಕಾಲರಾ ಅಲ್ಲೋ. ಕೋಲೊಲಿತ್."

"ನಾನೂ ಅದನ್ನೇ ಅಂದಿದ್ದು."

ಮನೆಯಲ್ಲಿ ಶಾಂತಾ ಒಬ್ಬಳೇ ಇದ್ದಳು. ಹೊತ್ತು ಇಳಿಯುತ್ತಿತ್ತು. ವಿವರಿಸುತ್ತ ನಿಲ್ಲುವ ತಾಳ್ಮೆ ನನ್ನಲ್ಲಿ ಉಳಿದಿರಲಿಲ್ಲ.

"ಪಥರಿ," ಅಂದೆ, ಕಲ್ಲಿಗೆ ಊರವರು ಬಳಸುವ ಪದದಲ್ಲಿ. "ಹೊಟ್ಯಾಗ ಪಥರಿ ಆಗ್ಯಾದ."

ಅವನು ಬೀಡಿ ಎಸೆದು ಸ್ಟಿಯರಿಂಗ್ ಹಿಂದೆ ಕೂತ. "ಪಥರಿ ಏನ್ರೀ? ಮೊದ್ಲೇ ಹೇಳಬಾರದಾ? ನಮ್ಮಪ್ಪಗೂ ಆಗಿತ್ತು. ಬಾರ್ಲಿ ನೀರು ಕುಡುದ, ಹೋತು."

ಅವರಪ್ಪನದು ಮೂತ್ರಪಿಂಡದ ಕಲ್ಲು. ನಾನು ತಿದ್ದಲಿಲ್ಲ.

ಅಫಜಲಪುರದ ದಾರಿಯ ಪ್ರತಿ ತಗ್ಗಿಗೂ ಶಾಂತಾ ನನ್ನ ಮೊಣಕೈ ಹಿಂಡಿದಳು. ಒಮ್ಮೆ ಹಿಡಿತ ಸಡಿಲವಾಯಿತು. ನೋವು ಇಳಿಯಿತೋ, ಪ್ರಜ್ಞೆ ತಪ್ಪಿತೋ ತಿಳಿಯದೆ ಹೆಸರು ಹಿಡಿದು ಕರೆದೆ. "ಇದ್ದೀನ್ರಿ," ಅಂದಳು, ಕಣ್ಣು ತೆರೆಯದೆ.

ಗುಲ್ಬರ್ಗಾದ ಸರ್ಜನ್ ನನಗಿಂತ ಚಿಕ್ಕವರು. ನಮ್ಮ ಡಾಕ್ಟರ ಚೀಟಿ ಓದಿ, "ಈ ವರ್ಡ್ ಈಗ ಯಾರೂ ಬಳಸೋದಿಲ್ಲ. ಗಾಲ್‌ಸ್ಟೋನ್ ಅಂತೀವಿ. ಆದರೆ ಡಯಾಗ್ನೋಸಿಸ್ ಸರಿಯಿದೆ," ಅಂದರು. ಜ್ವರ ಇಳಿಯುವವರೆಗೆ ಡ್ರಿಪ್. ಆಮೇಲೆ ಆಪರೇಷನ್.

ಥಿಯೇಟರಿನ ಹೊರಗೆ ಕೂತಿದ್ದಾಗ ನಮ್ಮ ಪತ್ರಿಕೆಯ ಉಪಸಂಪಾದಕರು ಹುಡುಕಿಕೊಂಡು ಬಂದರು.

"ಕರಜಗಿಯಾಗ ಕಾಲರಾ ಬಂದದಂತ. ನಿಮ್ಮ ಊರಿಂದು ನಿಮಗೇ ಗೊತ್ತಿಲ್ಲೇನು?"

"ಆ ಪೇಶಂಟ್ ಒಳಗದಾಳ್ರೀ. ನನ್ನ ಹೆಂಡ್ತಿ. ಕಾಲರಾ ಅಲ್ಲ."

ಅವರು ಪೆನ್ನು ಜೇಬಿಗೆ ಹಾಕಿ ಪಕ್ಕದಲ್ಲಿ ಕೂತರು. ಬಾಗಿಲು ತೆರೆಯುವವರೆಗೂ ಅಲ್ಲೇ ಇದ್ದರು.

ಅವಳು ಬದುಕಿದಳು.

ಊರಿಗೆ ಮರಳಿದ್ದೇವೆ. ಹೊಲಿಗೆ ಇನ್ನೂ ಚುಚ್ಚುತ್ತದೆ, ಕರಿದದ್ದು ವರ್ಜ್ಯ, ಕಣ್ಣು ಮತ್ತೆ ಹಳದಿಯಾದರೆ ತಡಮಾಡದೆ ಬರಬೇಕೆಂದು ಹೇಳಿ ಕಳಿಸಿದ್ದಾರೆ. ದಿನವೂ ಅವಳ ಮುಖ ಬೆಳಕಿಗೆ ತಿರುಗಿಸಿ ಕಣ್ಣು ನೋಡುತ್ತೇನೆ. ಅವಳಿಗೆ ಅದು ಬೇಸರ. ಮೊದಲ ವಾರ ನಮ್ಮ ಅಂಗಳಕ್ಕೆ ಯಾರೂ ಕಾಲಿಡಲಿಲ್ಲ. ನಿನ್ನೆ ಗುರುಬಾಯಿ ಬಂದು ಹೊಸ್ತಿಲಲ್ಲಿ ನಿಂತರು.

"ಯಾರೋ ಏನೇನೋ ಅಂದ್ರವ್ವ, ಶಾಂತಾ."

"ಅನ್ನೋರು ಅಂತಾರ, ಬಿಡ್ರಿ ಅಕ್ಕಾ. ಒಳಗ ಬರ್ರಿ."

ಗುರುಬಾಯಿ ಬಂದು ಹಾಸಿಗೆಯ ತುದಿಯಲ್ಲಿ ಕೂತರು. ಕುಡಿಯಲು ನೀರು ಕೇಳಿದರು. ನಮ್ಮ ಕೊಡದಿಂದಲೇ ತುಂಬಿ ಕೊಟ್ಟೆ. ತಂಬಿಗೆ ಎತ್ತಿ, ಶಾಂತಾಳನ್ನು ನೋಡುತ್ತ, ಪೂರ್ತಿ ಕುಡಿದರು.