ಹದಿನೇಳು ಸುತ್ತು

ರಾಜೀವನಗರದಲ್ಲಿ ಲೇತ್ ಮಹದೇವಸ್ವಾಮಿಯ ಮನೆ ಎಲ್ಲಿ ಎಂದರೆ ಯಾರು ಬೇಕಾದರೂ ಕೈ ತೋರಿಸುತ್ತಾರೆ. ವಯಸ್ಸು ಅರವತ್ಮೂರು. ಕಾರ್ಖಾನೆಯ ಕೆಲಸ ಮುಗಿದ ಮೇಲೆ ಸುಮ್ಮನೆ ಕೂರುವುದು ಅವನ ಜಾಯಮಾನವಲ್ಲ. ಮನೆಯ ಮುಂಭಾಗದಲ್ಲೇ ಕಬ್ಬಿಣ, ಮರ ಕಡೆಯುವ ಒಂದು ಲೇತು, ಒಂದು ಡ್ರಿಲ್ಲಿಂಗ್ ಮೆಷಿನ್ನು ಹಾಕಿಕೊಂಡು ಪಂಪಿನ ಶಾಫ್ಟು, ರಾಗಿ ಮಿಲ್ಲಿನ ಬುಷ್ಷು ಎಂದು ಬಂದದ್ದನ್ನೆಲ್ಲ ಮಾಡಿಕೊಡುತ್ತಾನೆ. ಆದರೆ ಅವನ ಹೆಸರು ಹಬ್ಬಿದ್ದು ಅದಕ್ಕಲ್ಲ. ಹಳೆಯ ಸಾಮಾನೊಂದನ್ನು ಅವನ ಕೈಗೆ ಕೊಟ್ಟರೆ, ಅದರ ಸವೆತ ನೋಡಿ, ಅದನ್ನು ಬಳಸಿದವರು ಎಂಥವರೆಂದು ಹೇಳಿಬಿಡುತ್ತಾನೆ.

ಒಮ್ಮೆ ಯಾರೋ ಲಟ್ಟಣಿಗೆಯ ಹಿಡಿ ಸರಿಮಾಡಿಸಲು ಬಂದಿದ್ದರು. ಮಹದೇವಸ್ವಾಮಿ ಅದನ್ನು ಎರಡು ಸಲ ತಿರುವಿ ನೋಡಿ, "ಇದನ್ನ ಬಳಸ್ದೋರಿಗೆ ಬಲಗೈಲಿ ಶಕ್ತಿ ಇರ್ಲಿಲ್ಲ ಅಲ್ವ್ರಾ? ಭಾರ ಎಲ್ಲಾ ಎಡಕ್ಕೇ ಬಿದ್ದದೆ," ಅಂದ. ಬಂದವನ ಮುಖ ಬಿಳಿಚಿಕೊಂಡಿತು. ಅವನ ಅಜ್ಜಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿ, ಸಾಯುವವರೆಗೂ ಎಡಗೈಯಲ್ಲೇ ಚಪಾತಿ ಒತ್ತುತ್ತಿದ್ದಳಂತೆ. ಅವತ್ತಿನಿಂದ ಬೀದಿಯ ಕೆಲವರು ತಮ್ಮ ಮನೆಯ ಸಾಮಾನನ್ನು ಇವನ ಕೈಗೆ ಕೊಡಲು ಸ್ವಲ್ಪ ಹಿಂದೆ ಮುಂದೆ ನೋಡುವುದುಂಟು.

ಇಷ್ಟೆಲ್ಲ ಓದಬಲ್ಲ ಈ ಮಹಾನುಭಾವ ಹೆತ್ತವ್ವನನ್ನು ಮಾತ್ರ ತಪ್ಪಾಗಿ ಓದಿಕೊಂಡಿದ್ದ.

ಅವ್ವ ಪುಟ್ಟಮಾದಮ್ಮನಿಗೆ ಎಂಬತ್ತೈದು. ಎಡಗೈಯಲ್ಲಿ ಮೂರೇ ಬೆರಳು. ಉಂಗುರದ ಬೆರಳು, ಕಿರುಬೆರಳು ಎರಡೂ ಬುಡದಿಂದ ಇಲ್ಲ. ಕೇಳಿದವರಿಗೆಲ್ಲ "ಆಲೆಮನೆ ಗಾಣಕ್ಕೆ ಸಿಕ್ಕೋಯ್ತು ಕಣಪ್ಪ" ಎನ್ನುತ್ತಿದ್ದಳು. ಅದಿರಲಿ, ಅವಳದೊಂದು ವಿಚಿತ್ರ ಅಭ್ಯಾಸವಿತ್ತು. ಮಗನ ಕೈಯಿಂದ ಅವಳು ಏನನ್ನೂ ನೇರವಾಗಿ ತೆಗೆದುಕೊಳ್ಳುತ್ತಿರಲಿಲ್ಲ. ಕಾಫಿ ಲೋಟವಿರಲಿ, ಮಾತ್ರೆಯಿರಲಿ, "ಅಲ್ಲೇ ಮಡಗು, ತಗತೀನಿ" ಎನ್ನುವಳು. ಅವನು ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದ ಮೇಲೆಯೇ ಅವಳ ಕೈ ಮುಂದೆ ಬರುವುದು. ಅವನಿಗೆ ಮಗಳು ಹುಟ್ಟಿ ಆಸ್ಪತ್ರೆಯಿಂದ ಬಂದ ದಿನ, ಬಟ್ಟೆ ಸುತ್ತಿದ ಕೂಸನ್ನು ಅವನು ಅವ್ವನ ಮುಂದೆ ಹಿಡಿದಾಗಲೂ ಅದೇ ಮಾತು: "ಚಾಪೆ ಮ್ಯಾಲೆ ಮಲಗ್ಸು. ನಾನೇ ಎತ್ಕೊತೀನಿ."

ಇದಕ್ಕೆ ಮಹದೇವಸ್ವಾಮಿ ತನ್ನದೇ ಒಂದು ಅರ್ಥ ಕಟ್ಟಿಕೊಂಡಿದ್ದ. ಅವ್ವ ಹರೆಯದಲ್ಲಿ ನಜರ್‌ಬಾದಿನ ಯಾವುದೋ ಬಂಗಲೆಯಲ್ಲಿ ಬಟ್ಟೆ ಒಗೆಯಲು ಹೋಗುತ್ತಿದ್ದವಳು. ಆ ಕಾಲದ ಬಂಗಲೆಯವರು ನಮ್ಮ ಜನರಿಗೆ ಕೈಯಿಂದ ಕೈಗೆ ಏನನ್ನಾದರೂ ಕೊಟ್ಟದ್ದುಂಟೇ? ನೆಲದ ಮೇಲಿಡುವುದು, ಇವಳು ಎತ್ತಿಕೊಳ್ಳುವುದು. ಆ ದರಿದ್ರ ರೂಢಿಯೇ ಅವ್ವನ ಮೈಗೆ ಅಂಟಿಕೊಂಡಿದೆ ಎಂದು ನಂಬಿದ್ದ. "ಮತ್ತೆ ನನ್ ಕೈಯಿಂದ ಈಸ್ಕೊತಾರಲ್ಲ?" ಎಂದು ಹೆಂಡತಿ ಸುಮಾ ಒಮ್ಮೆ ಕೇಳಿದ್ದಳು. ಅದು ಗಂಡಸರ ಕೈಗೆ ಸಂಬಂಧಪಟ್ಟ ವಿಚಾರ ಎಂದು ಏನೋ ಹೇಳಿ ಅವಳ ಬಾಯಿ ಮುಚ್ಚಿಸಿದ್ದ. ಗೋಡೆಯ ಮೇಲೆ ಬಾಬಾಸಾಹೇಬರ ಪಟ ತೂಗುಹಾಕಿದ ಮನೆಯಲ್ಲಿ, ತನ್ನ ಅವ್ವ ತನಗೇ ಇದನ್ನು ಮಾಡುತ್ತಾಳಲ್ಲ ಎಂದು ಅವನಿಗೆ ಹೊಟ್ಟೆ ಉರಿಯುತ್ತಿತ್ತು. ಅವ್ವ ಕಣ್ಣು ಮುಚ್ಚುವುದರೊಳಗೆ ಒಂದೇ ಒಂದು ಸಲ ತನ್ನ ಕೈಯಿಂದ ಏನನ್ನಾದರೂ ತೆಗೆದುಕೊಳ್ಳಲಿ. ಬದುಕಿನಲ್ಲಿ ಅವನಿಗೆ ಉಳಿದಿದ್ದ ಆಸೆ ಅದೊಂದೇ.

ಆಷಾಢದ ಒಂದು ಬೆಳಿಗ್ಗೆ ಗೂಡ್ಸ್ ಆಟೋದಲ್ಲಿ ಆ ಯಂತ್ರ ಬಂತು. ತಂದವಳು ಗಿರಿಜಾಂಬಾ. ನಜರ್‌ಬಾದಿನಲ್ಲಿರುವ ಗಂಡನ ಮನೆತನದ ಹಳೆಯ ಬಂಗಲೆಯನ್ನು ಹೋಂಸ್ಟೇ ಮಾಡಲು ಹೊರಟಿದ್ದಳು. "ಅಟ್ಟದ ಮೇಲೆ ಸಿಕ್ತು ನೋಡಿ. ಕರೆಂಟಿಲ್ಲದ ಕಾಲದ ವಾಷಿಂಗ್ ಮೆಷಿನ್ನು. ಇದು ಮತ್ತೆ ತಿರುಗಬೇಕು ಸ್ವಾಮಿಯವರೇ, ಬಂದ ಗೆಸ್ಟುಗಳು ಫೋಟೋ ತಕ್ಕೋಬೇಕು," ಅಂದಳು.

ಮಹದೇವಸ್ವಾಮಿ ಅಂಥದ್ದನ್ನು ಕಂಡೇ ಇರಲಿಲ್ಲ. ಅಥವಾ ಹಾಗೆಂದುಕೊಂಡ. ಮೂರು ಕಾಲುಗಳ ಮೇಲೆ ನಿಂತ ತೇಗದ ಪೀಪಾಯಿ. ಒಳಗೆ ಸುತ್ತಲೂ ಅಲೆ ಅಲೆಯಾಗಿ ಕೊರೆದ ಹಲಗೆ. ಒಗೆಯುವ ಕಲ್ಲಿನ ಕೆಲಸ ಅದರದು. ಮುಚ್ಚಳದ ಅಡಿಯಲ್ಲಿ ನಾಲ್ಕು ಗೂಟಗಳ ಮಣೆ. ಪಕ್ಕದಲ್ಲಿ ಎರಕದ ಕಬ್ಬಿಣದ ದೊಡ್ಡ ಚಕ್ರ. ಹಿಡಿಯನ್ನು ಒಂದೇ ಕಡೆಗೆ ತಿರುಗಿಸಿದರೂ ಒಳಗಿನ ಹಲ್ಲುಗಳು ಗೂಟದ ಮಣೆಯನ್ನು ಅರ್ಧ ಸುತ್ತು ಆ ಕಡೆ, ಅರ್ಧ ಸುತ್ತು ಈ ಕಡೆ ಹೊರಳಿಸುತ್ತಿದ್ದವು, ಮಜ್ಜಿಗೆ ಕಡೆಯುವ ಹಾಗೆ. ಪೀಪಾಯಿಯ ಆಚೆ ಬದಿಯ ಅಂಚಿನ ಮೇಲೆ ಬಟ್ಟೆ ಹಿಂಡಲು ಎರಡು ರೋಲರುಗಳು, ಅವನ್ನು ಬಿಗಿಯಾಗಿ ಒತ್ತಿಹಿಡಿಯುವ ಸ್ಪ್ರಿಂಗು. ಈ ಕಡೆಯಿಂದ ಒದ್ದೆ ಬಟ್ಟೆ ತುರುಕಿದರೆ ಆ ಕಡೆಯಿಂದ ಹಪ್ಪಳದಂತೆ ಚಪ್ಪಟೆಯಾಗಿ ಬರುತ್ತಿತ್ತು. ಬುದ್ಧಿವಂತರ ಕೆಲಸ ಎಂದು ಮಹದೇವಸ್ವಾಮಿ ತಲೆದೂಗಿದ.

ಚಕ್ರದ ಹಿಡಿ ಮಾತ್ರ ಇರಲಿಲ್ಲ. ಅಳತೆ ಇಲ್ಲ, ಚಿತ್ರ ಇಲ್ಲ. ಆದರೂ ಒಂದು ಬೀಟೆಯ ತುಂಡನ್ನು ಲೇತಿಗೆ ಹಾಕಿದವನು ಎಲ್ಲೂ ನಿಲ್ಲಲಿಲ್ಲ. ನಡುವೆ ಉಬ್ಬು, ತುದಿಯಲ್ಲಿ ಸಣ್ಣ ಬಳೆಯಷ್ಟು ಗೀರು, ಅದೂ ಒಂದು ಕಡೆಗೆ ವಾರೆಯಾಗಿ. ಯಾಕೆ ವಾರೆಯಾಗಿ ಕೊರೆದೆ ಎಂದು ಅವನೇ ತನ್ನನ್ನು ಕೇಳಿಕೊಂಡ. ಕೈ ಹಾಗೆ ಹೋಯಿತು, ಅಷ್ಟೆ.

ಹಿಡಿ ಹಾಕಿ, ಎಣ್ಣೆ ಬಿಟ್ಟು, ಚಕ್ರ ತಿರುಗಿಸಿದ. ಮಟಮಟ ಮಧ್ಯಾಹ್ನ. ಬೀದಿಯಲ್ಲಿ ಸೊಪ್ಪಿನ ಗಾಡಿಯವನೂ ಇರಲಿಲ್ಲ. ಮೊದಲು ಬಿಗಿಯಾಗಿದ್ದದ್ದು ಬರಬರುತ್ತ ಹಗುರವಾಯಿತು. ಗುಡುಗುಡು ಸದ್ದು ನೆಲದಿಂದ ಪಾದಕ್ಕೆ ಹತ್ತಿತು. ವೇಗ ಬಂದ ಮೇಲೆ ಅವನು ಕೈ ಬಿಟ್ಟ. ಚಕ್ರ ನಿಲ್ಲಲಿಲ್ಲ, ತಾನೇ ತಾನಾಗಿ ತಿರುಗತೊಡಗಿತು. ಆಗ ಯಾರೋ ನಕ್ಕರು.

ಸಣ್ಣಗೆ, ಕೀಚಲಾಗಿ, ಉಸಿರು ಸಿಕ್ಕಿಕೊಂಡಂತೆ ನಗುವ ಮಗುವಿನ ನಗು. ಮಹದೇವಸ್ವಾಮಿ ಬೆಚ್ಚಿ ಹಿಂದಕ್ಕೆ ತಿರುಗಿ ನೋಡಿದ. ಯಾರೂ ಇಲ್ಲ. ನಗು ತನ್ನದೇ ಗಂಟಲಿನಿಂದ ಬರುತ್ತಿದೆ ಎಂದು ತಿಳಿದಾಗ ಅವನ ತೋಳಿನ ಕೂದಲು ನಿಮಿರಿ ನಿಂತವು. ಅದೇ ಹೊತ್ತಿಗೆ ಮನೆಯೊಳಗಿಂದ ಅವ್ವ ಕಿರುಚಿದಳು. "ಬುಡೋ! ಬುಡೋ ಸ್ವಾಮಿ! ಬುಡೋ!"

ಓಡಿಹೋಗಿ ನೋಡಿದರೆ ಅವ್ವ ಅಡುಗೆಮನೆಯ ಗೋಡೆಗೆ ಒರಗಿ ಕೂತಿದ್ದಳು. ಎಡಗೈಯನ್ನು ಬಲಗಂಕುಳಲ್ಲಿ ಅವುಚಿಕೊಂಡಿದ್ದಳು. ಕಣ್ಣು ಅವನ ಮೇಲಿರಲಿಲ್ಲ.

"ಏನಾಯ್ತವ್ವ?"

"ಏನಿಲ್ಲ. ಆ ಸದ್ದು ನಿಲ್ಸು."

"ನಿಂತೋಯ್ತಲ್ಲವ್ವ."

"ನಿಂತಿಲ್ಲ," ಅಂದಳು ಅವ್ವ. "ನಿಂಗೆ ಕೇಳ್ಸಲ್ಲ."

ಅವನು ಉಸಿರು ಹಿಡಿದು ಆಲಿಸಿದ. ಲೇತು ಸುಮ್ಮನಿತ್ತು, ಚಕ್ರ ಸುಮ್ಮನಿತ್ತು. ಆದರೂ ಅಂಗಾಲಿನಲ್ಲಿ ಎಲ್ಲೋ ಆ ಗುಡುಗುಡು ಇದೆ ಅನಿಸಿತು. ಒಂದು ಲೋಟ ನೀರು ತಂದು ಅವಳ ಮುಂದೆ ಹಿಡಿದ. ಅಂಥ ಹೊತ್ತಿನಲ್ಲೂ ಅವ್ವ ಮರೆಯಲಿಲ್ಲ. "ಅಲ್ಲೇ ಮಡಗು." ಆ ಬಂಗಲೆ ಯಾವುದು, ಈ ಯಂತ್ರ ನಿನಗೆ ಗೊತ್ತಾ ಎಂದು ಎಷ್ಟು ಕೇಳಿದರೂ ಬಂದದ್ದು ಒಂದೇ ಉತ್ತರ. ತಾನು ಒಗೆದದ್ದು ಕಲ್ಲಿನ ಮೇಲೆ, ಬೆರಳು ಹೋದದ್ದು ಗಾಣಕ್ಕೆ ಸಿಕ್ಕಿ.

ಎರಡು ದಿನ ಬಿಟ್ಟು ಗಿರಿಜಾಂಬಾ ಬಂದಳು. ಹಳೆಯ ಹಿಡಿ ಯಾವುದೋ ಪೆಟ್ಟಿಗೆಯಲ್ಲಿ ಸಿಕ್ಕಿತೆಂದು ಕಾಗದದಲ್ಲಿ ಸುತ್ತಿ ತಂದಿದ್ದಳು. ಮಹದೇವಸ್ವಾಮಿ ಅದನ್ನು ತಾನು ಮಾಡಿದ್ದರ ಪಕ್ಕದಲ್ಲಿಟ್ಟ. ಅದೇ ಉದ್ದ, ಅದೇ ಉಬ್ಬು. ತುದಿಯಲ್ಲಿ ಅದೇ ಗೀರು, ಅದೇ ಕಡೆಗೆ ವಾರೆಯಾಗಿ.

"ಅರೆ, ನೋಡದೇನೇ ಹೇಗೆ ಮಾಡಿದ್ರಿ?" ಎಂದು ಗಿರಿಜಾಂಬಾ ಅಚ್ಚರಿಪಟ್ಟಳು. ಅವನು ಎರಡೂ ಗೀರುಗಳ ಮೇಲೆ ಬೆರಳಾಡಿಸುತ್ತಿದ್ದ. ಅವಳೇ ಮುಂದುವರಿಸಿದಳು. "ನಮ್ಮತ್ತೆ ಹೇಳ್ತಿದ್ರು. ಒಬ್ಬಳು ಕೆಲಸದವಳು ಇದರಲ್ಲೇ ಒಗೀತಿದ್ಳಂತೆ. ಅವಳ ಮಗುವೂ ಜೊತೇಲಿ ಬಂದು ಚಕ್ರ ತಿರುಗಿಸ್ತಿತ್ತಂತೆ, ಪಾಪ. ಒಂದಿನ ಏನೋ ಅನಾಹುತ ಆಯ್ತಂತೆ. ಆಮೇಲೆ ಇದನ್ನ ಅಟ್ಟಕ್ಕೆ ಹಾಕಿದ್ರಂತೆ."

ಆ 'ಏನೋ ಅನಾಹುತ' ಎನ್ನುವುದನ್ನು ಹಾಲಿನ ಬೆಲೆ ಹೇಳುವಂತೆ ಹೇಳಿ ಅವಳು ಹೊರಟುಹೋದಳು. ಮಹದೇವಸ್ವಾಮಿ ಬಾಗಿಲು ಅರ್ಧ ಎಳೆದುಕೊಂಡು, ಟಾರ್ಚ್ ಹಿಡಿದು, ಯಂತ್ರದ ಮುಂದೆ ಮಂಡಿಯೂರಿದ.

ಇಷ್ಟು ದಿನ ಕಣ್ಣಿಗೆ ಬೀಳದ್ದು ಈಗ ಬಿತ್ತು. ದೊಡ್ಡ ಹಿಡಿ ಚಕ್ರದ ಅಂಚಿನಲ್ಲಿತ್ತು. ಆದರೆ ನಡುವಿಗೆ ಹತ್ತಿರದಲ್ಲಿ ಯಾರೋ ಆಮೇಲೆ ಕೊರೆದ ಇನ್ನೊಂದು ತೂತು, ಅದರಲ್ಲಿ ಒಂದು ಮೋಟು ಗೂಟ. ಗೂಟದ ಮೇಲೆ ಎರಡು ಬೆರಳಗಲದಷ್ಟು ಮಾತ್ರ ನುಣ್ಣಗೆ ಸವೆದಿತ್ತು. ಅಷ್ಟು ಕಿರಿದಾದ ಸವೆತ ದೊಡ್ಡವರ ಕೈಯದಲ್ಲ. ನೆಲದಿಂದ ಅದರ ಎತ್ತರ ಅಳೆದ. ನಾಲ್ಕು ವರ್ಷದ ಮಗುವಿನ ಎದೆಮಟ್ಟ. ಹೆಬ್ಬೆರಳನ್ನು ಆ ಸವೆತದ ಮೇಲಿಟ್ಟ. ಹಲ್ಲು ಬಿದ್ದ ಜಾಗಕ್ಕೆ ನಾಲಗೆ ಹೋದಂತೆ ಹೆಬ್ಬೆರಳು ತಾನಾಗಿ ಅಲ್ಲಿ ಕೂತಿತು. ಅಲ್ಲಿಂದ ಕಣ್ಣೆತ್ತಿದರೆ ಎದುರಿಗೇ ದೊಡ್ಡ ಹಿಡಿಯ ತುದಿ, ಅದರ ವಾರೆ ಗೀರು. ಆ ಗೀರನ್ನು ಅವನು ಕೂಸಾಗಿದ್ದಾಗ ದಿನಗಟ್ಟಲೆ ನೋಡಿದ್ದ.

ಆಮೇಲೆ ರೋಲರಿನ ಕಡೆ ಬಂದ. ಮೊದಲು ಇದನ್ನು ಮಾಡಿದವನು ರೋಲರಿಗೆ ಬೇರೆಯದೇ ಆದ ಪುಟ್ಟ ಹಿಡಿ ಕೊಟ್ಟಿದ್ದ. ಅದನ್ನು ಕೂಡಿಸುತ್ತಿದ್ದ ಜಾಗ ಇನ್ನೂ ಇತ್ತು. ಕೈ ನಿಂತರೆ ರೋಲರೂ ನಿಲ್ಲಬೇಕು, ಅದು ಅವನ ಲೆಕ್ಕ. ಬಂಗಲೆಯವರು ಅದನ್ನು ಕಿತ್ತುಹಾಕಿ, ಊರಿನ ಯಾವನಿಂದಲೋ ದೊಡ್ಡ ಚಕ್ರದಿಂದ ರೋಲರಿಗೆ ಒಂದು ಚೈನು ಎಳೆಸಿದ್ದರು. ಬೋಲ್ಟುಗಳೇ ಬೇರೆ ಕಾಲದವು. ಹಾಗೆ ಮಾಡಿದರೆ ಬಟ್ಟೆ ತುರುಕಲು ಒಬ್ಬರು, ತಿರುಗಿಸಲು ಒಬ್ಬರು ಎಂದು ಎರಡು ಆಳು ಬೇಡ. ತಾಯಿ ವೇಗ ಹಿಡಿಸಿ ರೋಲರಿನ ಕಡೆ ಹೋದರೆ ಸಾಕು, ಉಳಿದದ್ದನ್ನು ಜೊತೆಗೆ ಬಂದ ಕೂಸು ನೋಡಿಕೊಳ್ಳುತ್ತದೆ. ಒಂದು ಆಳು ಉಳಿಸಲು ಮಾಡಿದ ಕೆಲಸ. ಅವಳು ಒಗೆದ ಬಟ್ಟೆಗೆ ಮೈಲಿಗೆಯೆಂದು ಮತ್ತೊಮ್ಮೆ ನೀರು ಚಿಮುಕಿಸಿ ಒಳಗೆ ಒಯ್ಯುತ್ತಿದ್ದ ಜನ ಅವರು! ಮಹದೇವಸ್ವಾಮಿಗೆ ಸ್ಪ್ಯಾನರ್ ಎತ್ತಿ ಎಸೆಯುವಷ್ಟು ಸಿಟ್ಟು ಬಂತು.

ಸಿಟ್ಟಿನ ಬೆನ್ನಿಗೇ ಇನ್ನೊಂದು ತಿಳಿವಳಿಕೆ ಬಂದು ಅವನನ್ನು ನೆಲಕ್ಕೆ ಕೂರಿಸಿತು. ರೋಲರಿನ ಬಳಿ ನಿಂತವಳಿಗೆ ಪೀಪಾಯಿ ಅಡ್ಡ. ಚಕ್ರದ ಹಿಂದೆ ಇರುವ ಮಗು ಕಾಣುವುದಿಲ್ಲ. ಬೆರಳು ಸಿಕ್ಕಿದಾಗ ಅವಳು ಬುಡೋ ಬುಡೋ ಎಂದು ಕಿರುಚಿದ್ದಾಳೆ. ಅವಳಿಗೆ ಕೇಳಿಸಿದ್ದು ಎರಡೇ, ತಿರುಗುತ್ತಲೇ ಇದ್ದ ಚಕ್ರದ ಸದ್ದು ಮತ್ತು ಮಗನ ನಗು.

ಬಂಗಲೆಯ ರೂಢಿಯಲ್ಲ. ಐವತ್ತೊಂಬತ್ತು ವರ್ಷಗಳಿಂದ ಅವ್ವನಿಗೆ ಅವನ ಕೈಯೆಂದರೆ ಭಯ. ತಾನು ಬಿಡು ಎಂದು ಅರಚಿಕೊಂಡರೂ ನಗುತ್ತ ತಿರುಗಿಸುತ್ತಲೇ ಇದ್ದ ಕೈ ಅದು. ಹೆತ್ತ ಮಗನಿಗೆ ಈ ಮಾತು ಹೇಗೆ ಹೇಳುವುದು? ಅದಕ್ಕೇ ಇಷ್ಟು ವರ್ಷ ಆಲೆಮನೆಯ ಗಾಣದ ಮೇಲೆ ಹಾಕಿಕೊಂಡು ಬಂದಿದ್ದಳು.

ಮಹದೇವಸ್ವಾಮಿ ಎದ್ದು ಚಕ್ರಕ್ಕೆ ವೇಗ ಹಿಡಿಸಿ ಕೈ ಬಿಟ್ಟ, ಎಣಿಸಿದ. ಹದಿನೇಳು ಸುತ್ತು. ಮತ್ತೆ ಮಾಡಿದ. ಮತ್ತೆ ಹದಿನೇಳು. ಆ ವೇಗದಲ್ಲಿ ಮೋಟು ಗೂಟವನ್ನು ಬೆರಳಲ್ಲಿ ಹಿಡಿಯಲು ನೋಡಿದ, ಅದು ಅವನ ಕೈಯನ್ನೇ ಒದ್ದು ಎಸೆಯಿತು. ನಾಲ್ಕು ವರ್ಷದ ಕೈ ಅಲ್ಲಿ ನಿಲ್ಲುವ ಮಾತೇ ಇಲ್ಲ. ತನಗೆ ಅವತ್ತಿನ ದಿನ ನಿಜವಾಗಿ ನೆನಪಿದೆಯೇ ಎಂದು ಯಾರಾದರೂ ಕೇಳಿದರೆ ಅವನು ಆಣೆ ಮಾಡಿ ಹೇಳಲಾರ. ಆದರೆ ನಗು ಯಾವಾಗ ಬಂತು ಎನ್ನುವುದು ಅವನಿಗೆ ಗೊತ್ತಿತ್ತು. ಕೈ ಬಿಟ್ಟ ಮೇಲೆ.

ಮಾರನೆಯ ಮಧ್ಯಾಹ್ನ ಅವ್ವನನ್ನು ಕರೆದ. ಬರುವುದಿಲ್ಲ ಎಂದಳು. ಸುಮಾ ತೋಳು ಹಿಡಿದು ಕರೆತಂದಳು. ಯಂತ್ರ ಕಂಡದ್ದೇ ಅವ್ವನ ಎಡಗೈ ಕಂಕುಳ ಸೇರಿತು.

"ಇವತ್ತೊಂದಿನ ನೋಡ್ಬುಡವ್ವ. ಈ ಚೈನ್ನ ಸಂಜೆಗೆ ಕಿತ್ತಾಕ್ತೀನಿ, ಚೈನು ಅವ್ರ ಮನೆಗೆ ವಾಪಸ್ ಹೋಗಲ್ಲ," ಅಂದ. ಅವಳನ್ನು ಚಕ್ರವೂ ಕಾಣುವ, ರೋಲರೂ ಕಾಣುವ ಬಾಗಿಲಲ್ಲೇ ನಿಲ್ಲಿಸಿದ. ಒದ್ದೆ ಟವೆಲಿನ ತುದಿಯನ್ನು ರೋಲರುಗಳ ಬಾಯಿಗೆ ತಾಗುವಂತೆ ಪೀಪಾಯಿಯ ಮುಚ್ಚಳದ ಮೇಲಿಟ್ಟ. ದೊಡ್ಡ ಹಿಡಿ ಹಿಡಿದು ತಿರುಗಿಸಿದ. ಗುಡುಗುಡು ಏರಿತು, ಟವೆಲು ಕಚ್ಚಿಕೊಂಡಿತು. ಕೈ ಬಿಟ್ಟು, ಐದು ಹೆಜ್ಜೆ ಹಿಂದೆ ಸರಿದು, ಎರಡೂ ಕೈ ಮೇಲೆತ್ತಿ ನಿಂತ.

ಯಾರೂ ಮುಟ್ಟದ ಚಕ್ರ ತಿರುಗಿತು. ಟವೆಲು ಒಂದೊಂದೇ ಅಂಗುಲ ಒಳಗೆ ಹೋಯಿತು. ನೀರು ಹಿಂಡಿ ಹಿಂಡಿ ಸುರಿಯಿತು. ಸುಮಾ ಬಾಯಿಗೆ ಸೆರಗು ಅಡ್ಡ ಹಿಡಿದಳು. ಅವ್ವ ಚಕ್ರ ನೋಡಿದಳು, ಮಗನ ಬರಿಗೈ ನೋಡಿದಳು, ಮತ್ತೆ ಚಕ್ರ ನೋಡಿದಳು. ಅವಳ ತುಟಿ ಎಣಿಸುತ್ತಿರುವಂತೆ ಅಲುಗುತ್ತಿತ್ತು. ಹದಿನೇಳನೆಯ ಸುತ್ತಿಗೆ ಟವೆಲು ಪೂರ್ತಿ ಆಚೆ ಬಂದು ಬಿತ್ತು.

"ನೀನು ಬುಟ್ಬುಟ್ಟಿದ್ಯಾ?" ಅಂದಳು ಅವ್ವ.

"ಬುಟ್ಟಿದ್ದೆ ಕಣವ್ವ. ನೀನು ಕೂಗೋಕ್ ಮುಂಚೇನೇ ಬುಟ್ಟಿದ್ದೆ."

"ಮತ್ತೆ ನಗ್ತಿದ್ಯಲ್ಲೋ?"

"ತಂತಾನೇ ತಿರುಗ್ತಿತ್ತಲ್ಲವ್ವ. ಅದಕ್ಕೆ."

ಅವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಮಹದೇವಸ್ವಾಮಿ ಬಗ್ಗಿ ಆ ಚಪ್ಪಟೆ ಟವೆಲನ್ನು ಎತ್ತಿಕೊಂಡ.

"ಕೊಡಿಲ್ಲಿ, ಒಣಗಾಕ್ತೀನಿ," ಅಂದಳು ಅವ್ವ.

ಬುದ್ಧಿ ಬಂದಾಗಿನಿಂದ ರೂಢಿಯಾದ ಮೈ ಅದು. ಅವನು ಟವೆಲನ್ನು ಪಕ್ಕದ ಸ್ಟೂಲಿನ ಮೇಲಿಟ್ಟು ಹಿಂದೆ ಸರಿಯತೊಡಗಿದ.

"ಅಲ್ಲಿ ಮಡಗ್ಬ್ಯಾಡ ಕಣೋ," ಅಂದಳು ಅವ್ವ. ಕಂಕುಳಿಂದ ಎಡಗೈ ಹೊರಗೆ ತೆಗೆದು, ಮೂರು ಬೆರಳನ್ನೂ ಬಿಚ್ಚಿ, ಅವನ ಮುಂದೆ ಚಾಚಿದಳು. "ಕೈಗ್ ಕೊಡು."